ಕಾರಣ ಕಾಣದ ನೋವು ಮತ್ತು ವ್ರತಾಚರಣೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಡವಾದುದು ಬಂದು ಸೇರಿದಾಗ ಅದು ಎಂದು ತೊಲಗೀತೆಂದು ಚಿಂತಿಸುವುದು ಮೊದಲನೆಯದು. ಬೇಕಾದುದು ಅಗಲಿದಾಗ ಅದು ಎಂದು ದೊರೆತೀತೆಂದು ಕೊರಗುವುದು ಎರಡನೆಯದು. ಶರೀರದ ವೇದನೆಯನ್ನೇ ಕುರಿತು ಎಡೆಬಿಡದೆ ಚಿಂತಿಸುವುದು ಮೂರನೆಯದು. ಮುಂದಿನ ಭೋಗಕ್ಕಾಗಿ ಹಂಬಲಿಸುವ ನಿದಾನವು ನಾಲ್ಕನೆಯದು. ವೇದನೆಯೂ ನಿದಾನವೂ ಹೀಗೆ ಒಂದರ ಪಕ್ಕದಲ್ಲಿ ಒಂದು ನಿಂತಿರುವುದು ಗಮನಾರ್ಹ. ಬಹುಕಾಲ ನೋವುಂಡ ಶ್ರಾವಕನು ವ್ರತವನ್ನು ಕೈಗೊಳ್ಳುವಾಗ ಮೂರನೆಯದರಿಂದ ಬಿಡಿಸಿಕೊಳ್ಳುತ್ತಿರುವೆನೆಂದು ಭಾವಿಸಿ, ತನಗರಿವಿಲ್ಲದೆಯೇ ನಾಲ್ಕನೆಯದರ ಅಂಚಿಗೆ ಬಂದು ನಿಂತಿರುತ್ತಾನೆ.

ನೋವು ತಾನೇ ಆರ್ತಧ್ಯಾನವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ನೋವು ಅಸಾತಾ ವೇದನೀಯ ಕರ್ಮದ ಉದಯ. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದಾಗಿದ್ದು, ಅದನ್ನು ವೇದನೀಯದಿಂದ ಉಂಟಾಗುವ ಹನ್ನೊಂದರ ಸಾಲಿಗೆ ಸೇರಿಸಲಾಗಿದೆ. ಆ ಉದಯದ ಸುತ್ತ ಮನಸ್ಸು ಗಾಣದ ಎತ್ತಿನಂತೆ ತಿರುಗತೊಡಗಿದಾಗ ಮಾತ್ರ ಅದು ಧ್ಯಾನವಾಗುತ್ತದೆ. ಈ ದುರ್ಧ್ಯಾನವು ಅವಿರತರಲ್ಲಿ, ದೇಶವಿರತರಲ್ಲಿ, ಪ್ರಮತ್ತಸಂಯತರಾದ ಮುನಿಗಳಲ್ಲಿಯೂ ಸಂಭವಿಸುವುದೆಂದು ಸೂತ್ರವು ಹೇಳುತ್ತದೆ. ಪಿಂಛಿ ಕಮಂಡಲುಗಳನ್ನು ಹಿಡಿದವರನ್ನೂ ಬಿಡದ ಈ ಚಿಂತೆ ಒಲೆಯ ಮುಂದೆ ನಿಂತ ಗೃಹಿಣಿಯನ್ನು ಕಾಡಿದರೆ ಆಕೆ ನಾಚಬೇಕಾದುದೇನಿದೆ?

ಉದಾಹರಣೆಗಾಗಿ ಅಜ್ಜಂಪುರದ ಕಡೆಯ ಒಬ್ಬ ಶ್ರಾವಿಕೆಯನ್ನು ಭಾವಿಸಿಕೊಳ್ಳಬಹುದು. ಸೊಂಟದಲ್ಲಿ ಆರಂಭವಾದ ನೋವು ಬೆನ್ನಿಗೇರಿ ಹೆಗಲಿಗೆ ಹರಡಿ ಮೂರು ವರ್ಷಗಳಾಗಿವೆ. ಮೊದಲು ಊರಿನ ವೈದ್ಯರು, ಬಳಿಕ ತರೀಕೆರೆಯ ಆಸ್ಪತ್ರೆ, ಅನಂತರ ಶಿವಮೊಗ್ಗ, ಕಡೆಗೆ ರೈಲು ಹಿಡಿದು ಬೆಂಗಳೂರು. ಕಡೂರಿನವರಿಗೂ ಇದೇ ಹಳಿ, ಇದೇ ಪಯಣ. ತರೀಕೆರೆಯವರು ಬೀರೂರಿಗೆ ಬಂದು ಅದೇ ಹಾದಿಯನ್ನು ಸೇರುತ್ತಾರೆ. ರಕ್ತಪರೀಕ್ಷೆ, ಕ್ಷಕಿರಣ, ಸ್ಕ್ಯಾನು ಎಲ್ಲವೂ ಮುಗಿದ ಮೇಲೆ ದೊರೆತ ಉತ್ತರ, ‘ಏನೂ ಕಾಣಿಸುತ್ತಿಲ್ಲ’ ಎಂಬುದು. ಊರಿಗೆ ಮರಳುವಷ್ಟರಲ್ಲಿ ಈ ಮಾತು ‘ಏನೂ ಇಲ್ಲವಂತೆ’ ಎಂದಾಗಿರುತ್ತದೆ. ಹಬ್ಬದ ದಿನ ನೆಂಟರು ಸೇರುವ ಹೊತ್ತಿಗೆ ‘ನೋವೇ ಇಲ್ಲವಂತೆ’ ಎಂದಾಗುತ್ತದೆ. ವೈದ್ಯರು ಹೇಳಿದ್ದು ಒಂದು, ಮನೆಯಲ್ಲಿ ಉಳಿದದ್ದು ಮತ್ತೊಂದು. ನೋವಿನ ಮೇಲೆ ಅಪವಾದವೂ ಸೇರಿದಂತಾಯಿತು.

ಇಂದಿನ ವೈದ್ಯಶಾಸ್ತ್ರವು ಹಾಗೆ ಹೇಳುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ಅದು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ನೋವಿನ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘವು ೨೦೨೦ರಲ್ಲಿ ನೋವಿನ ಲಕ್ಷಣವಾಕ್ಯವನ್ನು ಪರಿಷ್ಕರಿಸಿದಾಗ, ನೋವು ಯಾವಾಗಲೂ ವೈಯಕ್ತಿಕವಾದ ಅನುಭವವೆಂದೂ, ಒಬ್ಬರು ನೋವೆಂದು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದೂ ಸ್ಪಷ್ಟಪಡಿಸಿತು. ಅಂಗಕ್ಕೆ ಗಾಯವಿಲ್ಲದೆ, ನರಕ್ಕೆ ಪೆಟ್ಟಿಲ್ಲದೆ, ನೋವನ್ನು ತಿಳಿಸುವ ವ್ಯವಸ್ಥೆಯೇ ಅತಿಯಾಗಿ ಚುರುಕಾಗಿ ನೋವುಂಟಾಗುವ ಮೂರನೆಯದೊಂದು ಬಗೆಯನ್ನು ೨೦೧೭ರಲ್ಲಿ ಅದೇ ಸಂಘವು ಅಂಗೀಕರಿಸಿತ್ತು. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ನೋವನ್ನು ಬೇರೊಂದು ರೋಗದ ಲಕ್ಷಣವೆಂದಷ್ಟೇ ಎಣಿಸದೆ, ತಾನೇ ಒಂದು ವ್ಯಾಧಿಯಾಗಿಯೂ ಇರಬಲ್ಲುದೆಂದು ಎಣಿಸಲಾಗಿದೆ. ಮನೆಯ ಕಾವಲು ನಾಯಿ ಕಳ್ಳನಿಲ್ಲದಿದ್ದರೂ ಎಲೆಯ ಸದ್ದಿಗೆ ಬೊಗಳುವಂತೆ, ಎಂದರೆ ಸಾಮಾನ್ಯರಿಗೆ ತಿಳಿದೀತು. ಕಳ್ಳನು ಸಿಗಲಿಲ್ಲವೆಂದ ಮಾತ್ರಕ್ಕೆ ಬೊಗಳುವಿಕೆ ಸುಳ್ಳಾಗದು.

ಹೀಗಿದ್ದರೂ ಕಾರಣವಿಲ್ಲವೆಂದು ಬೇಗನೆ ತೀರ್ಮಾನಿಸಲಾಗದು. ಶುದ್ಧ ಸಸ್ಯಾಹಾರಿಗಳಲ್ಲಿ, ಅದರಲ್ಲಿಯೂ ಹಾಲು ಮೊಸರನ್ನು ಬಹುಕಾಲ ತ್ಯಜಿಸಿದವರಲ್ಲಿ, ಬಿ-೧೨ ಜೀವಸತ್ತ್ವದ ಕೊರತೆ ಉಂಟಾಗುವುದುಂಟು. ಅಂಗಾಲು ಉರಿ, ಕೈಕಾಲು ಜೋಮು, ಚುಚ್ಚುವ ನೋವು ಇದರಿಂದ ಬರಬಹುದು. ಡಿ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದತೆ ಇವೂ ಮೈಕೈ ನೋವಿಗೆ ಕಾರಣಗಳು. ಇವನ್ನು ಸರಳವಾದ ರಕ್ತಪರೀಕ್ಷೆಯಿಂದ ತಿಳಿಯಬಹುದು. ನೋವಿನೊಡನೆ ಜ್ವರ, ಮೈ ಇಳಿಯುವಿಕೆ, ಕಾಲುಗಳ ಶಕ್ತಿಗುಂದುವಿಕೆ, ಮಲಮೂತ್ರಗಳ ಹಿಡಿತ ತಪ್ಪುವಿಕೆ ಕಂಡರೆ ವ್ರತವನ್ನೂ ತಿಥಿಯನ್ನೂ ನೋಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಕರ್ಮದ ವಿಚಾರಕ್ಕೆ ಬರೋಣ. ನೆಂಟರ ಗುಂಪಿನಲ್ಲಿ ಒಬ್ಬರಾದರೂ ‘ಯಾವ ಜನ್ಮದ ಪಾಪವೋ’ ಎನ್ನದೆ ಇರುವುದಿಲ್ಲ. ಸಿದ್ಧಾಂತವಾಗಿ ಅದು ಅಸತ್ಯವಲ್ಲ; ಕರ್ಮೋದಯವಿಲ್ಲದೆ ವೇದನೆಯಿಲ್ಲ. ಆದರೆ ಯಾವ ಕರ್ಮ, ಎಂದು ಕಟ್ಟಿದ್ದು, ಎಷ್ಟು ಸ್ಥಿತಿಯದು ಎಂಬುದು ಕೇವಲಜ್ಞಾನಕ್ಕೆ ಗೋಚರವೇ ಹೊರತು ಪಕ್ಕದ ಮನೆಯವರಿಗಲ್ಲ. ವೇದನೀಯದ ಸ್ಥಿತಿ ಕನಿಷ್ಠ ಹನ್ನೆರಡು ಮುಹೂರ್ತ, ಎಂದರೆ ಒಂಬತ್ತೂವರೆ ಗಂಟೆಗಿಂತ ತುಸು ಹೆಚ್ಚು. ಗರಿಷ್ಠ ಮೂವತ್ತು ಕೋಟಾಕೋಟಿ ಸಾಗರೋಪಮ. ಇಷ್ಟು ಅಂತರವಿರುವಲ್ಲಿ ಊಹೆಗೆ ಎಡೆಯೆಲ್ಲಿ? ಅಸಾತೆಯು ಸಂಕ್ರಮಣದಿಂದ ಸಾತೆಯಾಗಿ ಪರಿಣಮಿಸಬಹುದೆಂದೂ ಸಿದ್ಧಾಂತವು ಹೇಳುವುದರಿಂದ, ಕರ್ಮವೆಂದೊಡನೆ ಕೈಚೆಲ್ಲಿ ಕುಳಿತುಕೊಳ್ಳುವುದು ಜೈನಮತವಲ್ಲ. ಮತ್ತೊಂದು ವಿಷಯವಂತೂ ಹೆಚ್ಚು ಗಂಭೀರವಾದುದು. ಅಸಾತಾ ವೇದನೀಯವು ಬಂಧವಾಗುವ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಇವುಗಳನ್ನು ಪರರಿಗೆ ಉಂಟುಮಾಡುವುದನ್ನು ಮಾತ್ರವಲ್ಲದೆ, ತನಗೆ ತಾನು ಉಂಟುಮಾಡಿಕೊಳ್ಳುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ನೊಂದವಳ ಪಾಪವನ್ನು ಎಣಿಸಿ ಆಕೆಯನ್ನು ಅಳಿಸಿದವರು ತಮಗೂ ಅದೇ ಕರ್ಮವನ್ನು ಕಟ್ಟಿಕೊಳ್ಳುತ್ತಾರೆ. ರೋಗಿಯ ದೇಹವನ್ನು ಕಂಡು ಹೇಸದಿರುವ ನಿರ್ವಿಚಿಕಿತ್ಸೆಯು ಸಮ್ಯಕ್ತ್ವದ ಅಂಗವೆಂಬುದು ಇಂತಹ ಮಾತುಗಳಾಡುವಾಗ ಮರೆತುಹೋಗುವುದೇ ಹೆಚ್ಚು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ತನಗೆ ದುಃಖವನ್ನುಂಟುಮಾಡಿಕೊಳ್ಳುವುದು ಅಸಾತೆಗೆ ಕಾರಣವಾದರೆ ಉಪವಾಸ, ಕೇಶಲೋಚಗಳ ಗತಿಯೇನು? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡು ವೈದ್ಯನ ದೃಷ್ಟಾಂತದಿಂದ ಸಮಾಧಾನ ಹೇಳಿದ್ದಾರೆ. ದಯಾಳುವಾದ ವೈದ್ಯನು ಸಂಯತನೊಬ್ಬನ ಹುಣ್ಣನ್ನು ಶಸ್ತ್ರದಿಂದ ಸೀಳುವಾಗ ನೋವಾಗುತ್ತದೆ. ಆದರೆ ವೈದ್ಯನಲ್ಲಿ ಕ್ರೋಧವಿಲ್ಲದ ಕಾರಣ ಅವನಿಗೆ ಪಾಪಬಂಧವಿಲ್ಲ. ಸಂಸಾರದುಃಖದಿಂದ ಬಿಡುಗಡೆಯನ್ನು ಬಯಸಿ ಶಾಸ್ತ್ರವಿಹಿತವಾದ ತಪಸ್ಸನ್ನು ಸಂಕ್ಲೇಶವಿಲ್ಲದೆ ಆಚರಿಸುವವನೂ ಹಾಗೆಯೇ. ‘ಸಂಕ್ಲೇಶವಿಲ್ಲದೆ’ ಎಂಬುದೇ ಇಲ್ಲಿ ಮುಖ್ಯ. ಹಲ್ಲುಕಚ್ಚಿ, ಮನೆಯವರ ಮೇಲೆ ಸಿಡುಕುತ್ತ, ಗಡಿಯಾರ ನೋಡುತ್ತ ಕಳೆದ ಉಪವಾಸಕ್ಕೆ ಈ ದೃಷ್ಟಾಂತದ ಆಶ್ರಯ ದೊರೆಯಲಾರದು.

ಹಿಂದೆ ಹೇಳಿದ ಶ್ರಾವಿಕೆಯ ಬಳಿಗೆ ಹಿಂದಿರುಗೋಣ. ಔಷಧಿಯಿಂದ ಗುಣ ಕಾಣದಿರಲು ಆಕೆಗೆ ಯಾರೋ ನೋಂಪಿಯನ್ನು ಸೂಚಿಸುತ್ತಾರೆ. ನರಸಿಂಹರಾಜಪುರದ ಸಿಂಹನಗದ್ದೆಗೆ ಹೋಗಿ ಜ್ವಾಲಾಮಾಲಿನಿ ಅಮ್ಮನವರಿಗೆ ಹರಕೆ ಹೊರುವುದೂ ಈ ಸೀಮೆಯಲ್ಲಿ ಬಳಕೆಯಲ್ಲಿದೆ. ಭಕ್ತಿಯಿಂದ ಮನಸ್ಸಿಗೆ ಬರುವ ಆಸರೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ‘ಇಷ್ಟು ಅಷ್ಟಮಿ ಮಾಡುತ್ತೇನೆ, ಇಷ್ಟು ನೋವು ಕಳೆ’ ಎಂಬ ಲೆಕ್ಕಾಚಾರ ಬಂದೊಡನೆ ವ್ರತವು ವ್ಯಾಪಾರವಾಗುತ್ತದೆ, ನಿಷ್ಕಾಂಕ್ಷಿತ ಅಂಗಕ್ಕೆ ಭಂಗ ಬರುತ್ತದೆ. ನೋವು ಕಡಿಮೆಯಾಗದಿದ್ದಲ್ಲಿ ಆಕೆ ತನ್ನ ಭಕ್ತಿಯಲ್ಲಿಯೇ ಲೋಪವೆಣಿಸಿ ಮತ್ತೂ ಕಠಿಣವಾದ ಉಪವಾಸಕ್ಕೆ ತೊಡಗುತ್ತಾಳೆ. ಇದೇ ಅಪಾಯದ ತಿರುವು.

ಮೈನಾಸುಂದರಿಯು ಸಿದ್ಧಚಕ್ರದ ಆರಾಧನೆ ಮಾಡಿ ಗಂಧೋದಕದಿಂದ ಶ್ರೀಪಾಲನ ಕುಷ್ಠವನ್ನು ಕಳೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಕಥೆಯು ಎಲ್ಲರಿಗೂ ಪ್ರಿಯವಾದುದು, ಅಷ್ಟಾಹ್ನಿಕದಲ್ಲಿ ಬಸದಿ ಬಸದಿಗಳಲ್ಲಿ ಕೇಳಿಬರುವುದು. ಅದರಲ್ಲಿ ಗಮನಿಸತಕ್ಕದ್ದೇನೆಂದರೆ, ವ್ರತದ ಭಾರವನ್ನು ಹೊತ್ತವಳು ಆರೋಗ್ಯವಂತೆಯಾದ ಹೆಂಡತಿ. ರೋಗಿಯನ್ನು ಉಪವಾಸ ಕೆಡವಲಿಲ್ಲ. ಗುಣವಾಗದವರ ಭಕ್ತಿ ಹುಸಿಯೆಂದು ಆ ಕಥೆ ಎಲ್ಲಿಯೂ ಹೇಳುವುದಿಲ್ಲ.

ನೀರನ್ನೂ ಬಿಟ್ಟು ಅಷ್ಟಮಿಯ ಉಪವಾಸಕ್ಕೆ ಕುಳಿತವಳು ಬೆಳಗಿನ ಜಾವದಲ್ಲಿ ಬರಿಹೊಟ್ಟೆಗೆ ನೋವಿನ ಗುಳಿಗೆಯೊಂದನ್ನು ನುಂಗಿ ‘ಇನ್ನು ನಾಳೆಯವರೆಗೆ ತಡೆದೇನು’ ಎಂದುಕೊಳ್ಳುವುದುಂಟು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ಗುಳಿಗೆಗಳು ಜಠರದ ಒಳಪದರವನ್ನು ಕೆರಳಿಸಿ ಹುಣ್ಣು, ರಕ್ತಸ್ರಾವಗಳನ್ನು ಉಂಟುಮಾಡಬಲ್ಲವು. ದೇಹದಲ್ಲಿ ನೀರಿನಂಶ ಕುಗ್ಗಿರುವಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡಿ ಅದಕ್ಕೂ ಹಾನಿ ತರಬಲ್ಲವು. ನಿರ್ಜಲ ಉಪವಾಸವೂ ಈ ಗುಳಿಗೆಗಳೂ ಒಂದೇ ದಿನ ಕೂಡತಕ್ಕವಲ್ಲ. ಮತ್ತೆ ಕೆಲವರು ವ್ರತದ ದಿನ ಔಷಧಿಯೂ ಆಹಾರವೇ ಎಂದು ಬಗೆದು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿಬಿಡುತ್ತಾರೆ. ನರದ ನೋವಿಗೆ ಕೊಡುವ ಗಾಬಾಪೆಂಟಿನ್, ಪ್ರೀಗಾಬಾಲಿನ್, ಅಮಿಟ್ರಿಪ್ಟಿಲಿನ್ ಇವುಗಳನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ ನಿದ್ರಾನಾಶ, ತಳಮಳ, ಹೆಚ್ಚಿದ ನೋವು ಬರುವವು; ದೀರ್ಘಕಾಲ ಸ್ಟೀರಾಯ್ಡ್ ಸೇವಿಸುತ್ತಿದ್ದವರು ಹಾಗೆ ಮಾಡಿದರೆ ಪ್ರಾಣಾಪಾಯವೂ ಉಂಟು. ಊರೂರು ತಿರುಗುವವರು ಮಾರುವ ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಇದೇ ಸ್ಟೀರಾಯ್ಡ್ ಬೆರೆತಿರುವುದುಂಟಾದುದರಿಂದ ಅವನ್ನು ಸೇವಿಸದಿರುವುದೇ ಲೇಸು. ಅರೆತಲೆನೋವಿನವರಿಗೆ ಹಸಿವೇ ನೋವನ್ನು ಎಬ್ಬಿಸುತ್ತದೆ. ಕಾಫಿಯ ಜಿಲ್ಲೆಯವರಿಗೆ ಇನ್ನೊಂದು ಮಾತು: ಉಪವಾಸದ ದಿನದ ತಲೆನೋವೆಲ್ಲವೂ ಪರೀಷಹವಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಒಮ್ಮೆಗೇ ಬಿಟ್ಟರೆ ಬರುವ ನೋವು ಅದು. ಪರ್ವಕ್ಕೆ ಒಂದು ವಾರ ಮೊದಲಿನಿಂದ ಕಡಿಮೆ ಮಾಡುತ್ತ ಬಂದರೆ ಬಹುಮಟ್ಟಿಗೆ ತಪ್ಪುವುದು.

ಹಾಗಾದರೆ ನೋವಿನವರು ತಪಸ್ಸನ್ನೇ ಬಿಡಬೇಕೇ? ಬೇಕಾಗಿಲ್ಲ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೂತ್ರಕಾರರೇ ಇರಿಸಿದ್ದಾರೆ. ಬಾಹ್ಯತಪಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಅವಮೌದರ್ಯವೆಂದರೆ ಹೊಟ್ಟೆತುಂಬ ಉಣ್ಣದೆ ಕೆಲವು ತುತ್ತು ಕಡಿಮೆ ಉಣ್ಣುವುದು. ಇದು ಕಾಣಲು ಸುಲಭ, ಮಾಡಲು ಕಷ್ಟ. ವೃತ್ತಿಪರಿಸಂಖ್ಯಾನದಲ್ಲಿ ಇಂದು ಇಷ್ಟೇ ಪದಾರ್ಥವೆಂದು ಗೊತ್ತುಮಾಡಿಕೊಳ್ಳಬಹುದು. ರಸಪರಿತ್ಯಾಗದಲ್ಲಿ ತುಪ್ಪವನ್ನೋ ಬೆಲ್ಲವನ್ನೋ ಒಂದು ದಿನದ ಮಟ್ಟಿಗೆ ಬಿಡಬಹುದು. ಏಕಭುಕ್ತವನ್ನು ಔಷಧಿಯ ವೇಳೆಗೆ ಹೊಂದಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬಹುದು. ಪೇಟೆಯ ಶ್ವೇತಾಂಬರ ಮನೆಗಳಲ್ಲಿ ಆಯಂಬಿಲವನ್ನು ಬಲ್ಲವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಆರು ಅಂತರಂಗ ತಪಗಳಲ್ಲಂತೂ ಹೊಟ್ಟೆಯ ಮಾತೇ ಇಲ್ಲ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವಾವುದಕ್ಕೂ ನೋವಿನ ಸೊಂಟ ಅಡ್ಡಬರಬೇಕಾಗಿಲ್ಲ. ಕಾಯಕ್ಲೇಶವನ್ನು ಮಾತ್ರ ಇಂತಹವರು ಹುಡುಕಿಕೊಂಡು ಹೋಗಬೇಕಾದುದಿಲ್ಲ. ಅದು ತಾನಾಗಿಯೇ ಬಂದಿದೆ.

ನೋವಿಗೆ ಮುಗಿಯುವ ತಿಥಿ ಗೊತ್ತಿಲ್ಲದಿರುವಾಗ ವ್ರತವೂ ಬಹುಕಾಲ ನಡೆಯಬಲ್ಲಷ್ಟು ಹಗುರವಾಗಿರುವುದು ಯುಕ್ತ. ಕಡೂರಿನ ಕ್ರಿ.ಶ. ೯೭೧ರ ಶಾಸನವು ಪಾಂಬಬ್ಬೆ ಎಂಬ ರಾಜಮನೆತನದ ಮಹಿಳೆಯನ್ನು ಸ್ಮರಿಸುತ್ತದೆ. ನಾಣಬ್ಬೆ ಕಂತಿಯರ ಶಿಷ್ಯೆಯಾದ ಆಕೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸಿ ದೇಹಬಿಟ್ಟಳೆಂದು ಅದರಲ್ಲಿದೆ. ಆಕೆಗೆ ವ್ಯಾಧಿಯಿತ್ತೆಂದು ಶಾಸನವು ಹೇಳುವುದಿಲ್ಲ. ಹಾಗೆ ಕಲ್ಪಿಸುವುದೂ ಸಲ್ಲದು. ಆದರೆ ಈ ಸೀಮೆಯ ಹಿರಿಯಳೊಬ್ಬಳ ತಪಸ್ಸನ್ನು ಕಲ್ಲಿನಲ್ಲಿ ಬರೆಸಿದವರು ಮೂವತ್ತು ವರ್ಷವೆಂಬ ಕಾಲದ ಅಳತೆಯನ್ನು ಮರೆಯದೆ ಕೆತ್ತಿಸಿದ್ದು ವ್ರತಿಗಳು ಗಮನಿಸಬೇಕಾದ ಸಂಗತಿ.

ನೋವು ಬಹಳವಾದಾಗ ‘ಸಲ್ಲೇಖನವನ್ನಾದರೂ ಕೊಡಿಸಿ’ ಎಂಬ ಮಾತು ಬಾಯಿಗೆ ಬರುವುದುಂಟು. ಈ ಮಾತನ್ನು ಮನೆಯವರು ಭಕ್ತಿಯೆಂದು ತಿಳಿದು ತಲೆದೂಗಬಾರದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ಸಲ್ಲೇಖನಕ್ಕೆ ಹೇಳಿರುವ ಸಂದರ್ಭಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ವ್ಯಾಧಿಗಳು. ಕಾರಣ ತಿಳಿಯದ ನೋವು ಪ್ರತೀಕಾರವಿಲ್ಲದ ವ್ಯಾಧಿಯಲ್ಲ. ಅದು ಬಾಧಿಸುತ್ತದೆ, ಆದರೆ ಅದರೊಡನೆ ಬದುಕು ಸಾಗುತ್ತದೆ, ಚಿಕಿತ್ಸೆಯೂ ಉಂಟು. ಸಲ್ಲೇಖನದ ಐದು ಅತಿಚಾರಗಳಲ್ಲಿ ಮರಣಾಶಂಸೆ ಒಂದು: ಬೇಗನೆ ಸಾವು ಬರಲೆಂದು ಬಯಸುವುದು. ಬೇನೆಯಿಂದ ಬೇಸತ್ತು ಸಾವನ್ನು ಹಾರೈಸುವವನು ಆ ವ್ರತದ ಹೊಸ್ತಿಲಲ್ಲಿಯೇ ಎಡವುತ್ತಾನೆ. ಇಂತಹ ಮಾತು ಮನೆಯಲ್ಲಿ ಕೇಳಿಬಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಿಗೆ ತಿಳಿಸುವುದು ಕರ್ತವ್ಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ ೧೪೪೧೬ಕ್ಕೆ ಹಗಲಿರುಳು ಕರೆಮಾಡಬಹುದು.

ಈ ವಿಷಯದಲ್ಲಿ ಸಮಂತಭದ್ರರ ಚರಿತ್ರೆಯೇ ಪ್ರಮಾಣವೆನ್ನಬಹುದು. ತಿಂದುದೆಲ್ಲವೂ ಒಳಗೇ ಬೂದಿಯಾಗಿ ಹಸಿವು ತಣಿಯದ ಭಸ್ಮಕವೆಂಬ ವ್ಯಾಧಿ ಅವರಿಗೆ ಬಂದಿತೆಂಬ ಐತಿಹ್ಯವಿದೆ. ಶ್ರವಣಬೆಳಗೊಳದ ಕ್ರಿ.ಶ. ೧೧೨೯ರ ಮಲ್ಲಿಷೇಣ ಪ್ರಶಸ್ತಿಯು ಅವರು ಭಸ್ಮಕವನ್ನು ಗೆದ್ದುದನ್ನು ಉಲ್ಲೇಖಿಸುತ್ತದೆ. ದೇವಚಂದ್ರನ ರಾಜಾವಳೀ ಕಥೆಯಲ್ಲಿ ಪ್ರಸಂಗವು ವಿಸ್ತಾರವಾಗಿ ಬಂದಿದೆ. ಮಣುವಕಹಳ್ಳಿಯಲ್ಲಿ ತಪಸ್ಸಿನಲ್ಲಿದ್ದಾಗ ವ್ಯಾಧಿ ತಗುಲಿ, ಮುನಿಯ ಆಹಾರನಿಯಮದಲ್ಲಿ ಅದು ಶಮನವಾಗದೆಂದು ತಿಳಿದು, ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಆಯುಷ್ಯವೂ ಧರ್ಮಕಾರ್ಯವೂ ಮುಂದಿವೆ, ದೀಕ್ಷೆಯನ್ನು ಸದ್ಯಕ್ಕೆ ಬದಿಗಿಟ್ಟು ವ್ಯಾಧಿಯನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯೆಂದು ಆಜ್ಞೆಯಿತ್ತರು. ಶಿಷ್ಯನು ವೇಷವನ್ನು ಕಳಚಿದನು, ಉಂಡನು, ಗುಣಹೊಂದಿದನು, ಮರಳಿ ಪಿಂಛಿ ಹಿಡಿದನು. ಮಹಾವ್ರತಿಗೇ ಇಂತಹ ಅವಕಾಶವಿತ್ತೆಂದಮೇಲೆ, ಅಷ್ಟಮಿಯಂದು ಗಂಜಿ ಕುಡಿದು ಗುಳಿಗೆ ನುಂಗಿದ ಶ್ರಾವಿಕೆಯನ್ನು ವ್ರತಭ್ರಷ್ಟೆ ಎನ್ನುವ ಧೈರ್ಯ ಯಾರಿಗಿದೆ?

ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯು ಈ ವಾದಕ್ಕೆ ಎದುರಾಗಿ ನಿಲ್ಲುವಂತೆ ಕಾಣುತ್ತಾನೆ. ಮುನಿಯಾದ ಬಳಿಕ ಹಲವು ವ್ಯಾಧಿಗಳನ್ನು ದೀರ್ಘಕಾಲ ಸಹಿಸಿದ ಅವನು ಚಿಕಿತ್ಸೆಯನ್ನು ಬಯಸಲಿಲ್ಲ. ಆದರೆ ಆತನಿಗೆ ಸ್ವತಃ ವ್ಯಾಧಿಯನ್ನು ಕಳೆಯಬಲ್ಲ ಋದ್ಧಿಯಿತ್ತು. ಬೇಡವೆಂದುದು ಅಸಹಾಯಕತೆಯಿಂದಲ್ಲ, ವೈರಾಗ್ಯದಿಂದ. ಗೃಹಸ್ಥರಿಗೆ ಆಹಾರದಾನದೊಡನೆ ಔಷಧದಾನವನ್ನು ವಿಧಿಸಿದ ಧರ್ಮವು ಔಷಧವನ್ನು ಪಡೆಯುವವರನ್ನು ಹಳಿಯುವುದೆಂತು? ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಹೊರಗಿಟ್ಟು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯವನ್ನು ಕುರಿತದ್ದು. ಜೆಲಾಟಿನ್ ಹೊದಿಕೆಯ ಔಷಧಿಗೆ ಹಿಂಜರಿಯುವವರು ಉಗ್ರಾದಿತ್ಯರ ಮಾರ್ಗದಲ್ಲಿಯೇ ನಡೆದಂತೆ. ಬದಲಿಗೆ ಗುಳಿಗೆಯ ರೂಪದಲ್ಲಿ ಕೊಡಲು ವೈದ್ಯರನ್ನು ಕೇಳಿದರೆ ಬಹುಶಃ ದೊರೆಯುತ್ತದೆ. ಈಗಿನ ನೋವಿನ ಚಿಕಿತ್ಸಾಲಯಗಳಲ್ಲಿ ಗುಳಿಗೆಯೊಂದನ್ನೇ ನೆಚ್ಚದೆ, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುವ ನಡಿಗೆ, ವ್ಯಾಯಾಮ, ನಿದ್ರೆಯ ಕ್ರಮ, ಮನಸ್ಸಿಗೆ ಸಮಾಧಾನ ಕೊಡುವ ಮಾತುಕತೆ ಇವುಗಳಿಗೂ ಪ್ರಾಧಾನ್ಯ ಕೊಡುತ್ತಾರೆ. ನೋವು ಪೂರ್ಣ ಅಳಿಯದಿದ್ದರೂ ಬಸದಿಯ ಮೆಟ್ಟಿಲನ್ನು ಮತ್ತೆ ಹತ್ತುವಂತಾಗುವುದೇ ಅವರ ಗುರಿ.

ಮೆಟ್ಟಿಲು ಹತ್ತಲಾಗದ ದಿನವೂ ಬಂದೀತು. ನಿಂತು ಸಾಮಾಯಿಕ ಮಾಡಲಾರದವರು, ಪದ್ಮಾಸನ ಹಾಕಲಾರದವರು ಅದಕ್ಕಾಗಿ ಕೊರಗುತ್ತಾರೆ. ಮೂಲಾಚಾರದಲ್ಲಿ ಕಾಯೋತ್ಸರ್ಗವನ್ನು ನಾಲ್ಕು ವಿಧವಾಗಿ ಹೇಳಿದೆ. ದೇಹವೂ ನಿಂತು ಮನಸ್ಸೂ ಧರ್ಮಧ್ಯಾನದಲ್ಲಿ ಎದ್ದು ನಿಂತಿದ್ದರೆ ಉತ್ಥಿತೋತ್ಥಿತ. ದೇಹ ನಿಂತಿದ್ದು ಮನಸ್ಸು ಆರ್ತರೌದ್ರಗಳಲ್ಲಿ ಕುಸಿದಿದ್ದರೆ ಉತ್ಥಿತನಿವಿಷ್ಟ. ದೇಹ ಕುಳಿತಿದ್ದರೂ ಮನಸ್ಸು ಧರ್ಮದಲ್ಲಿ ನಿಂತಿದ್ದರೆ ಉಪವಿಷ್ಟೋತ್ಥಿತ. ಎರಡೂ ಕುಳಿತಿದ್ದರೆ ಉಪವಿಷ್ಟನಿವಿಷ್ಟ. ನೋವಿನವರಿಗೆ ಮೂರನೆಯದು ತೆರೆದೇ ಇದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಾದರೂ ಆದೀತು. ಒಂಬತ್ತು ಸಲ ಪಂಚನಮಸ್ಕಾರವನ್ನು ಇಪ್ಪತ್ತೇಳು ಉಚ್ಛ್ವಾಸಗಳಲ್ಲಿ, ಒಂದು ಮಂತ್ರಕ್ಕೆ ಮೂರು ಉಸಿರಿನಂತೆ, ಜಪಿಸುವುದು ವಾಡಿಕೆ. ನೋವಿನಿಂದ ಉಸಿರು ಮೊಟಕಾಗುವವರು ಮೂರು ಸಲದಿಂದ ಆರಂಭಿಸಿ, ಉಸಿರು ನಿಧಾನವಾದಂತೆಲ್ಲ ಒಂಬತ್ತಕ್ಕೆ ಏರಿಸಿಕೊಳ್ಳಬಹುದು.